ಮೂರೇ ನಟ್ಟಿನಲ್ಲಿ ಘಾಟಿ ಇಳಿಯಬಹುದಾ?

ಬಿಸಿಲೆ ಅಂದರೆ ಬಿಸಿಲಿನ ಊರು ಅಂದುಕೊಳ್ಳಬೇಡಿ. ನಮ್ಮ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಅಂಥ ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ಊರಿಗೆ ಹೋಗಿದ್ದೆ. ಮರುದಿನ ಅಮ್ಮನನ್ನು ಕೂರಿಸಿಕೊಂಡು ಬಿಸಿಲೆ ಘಾಟಿ ಇಳಿದು ಕುಕ್ಕೆಗೆ ಹೋಗುವ ಮಾತಾಗಿತ್ತು. ಸಂಜೆ ನೋಡಿದರೆ ಮುಂದಿನ ಎಡ ಚಕ್ರದಲ್ಲಿ ಗಾಳಿಯೇ ಇಲ್ಲ.

ಸ್ಟೆಪ್ನಿ ಹಾಕೋಣ ಅಂತ ಕೂತೆ. ಮೂರು ನಟ್ಟು ಸಲೀಸಾಗಿ ಬಂದವು. ನಾಲ್ಕನೆಯದು ಬಿಗಿ. ಸ್ಪ್ಯಾನರ್ ಮೇಲೆ ಹತ್ತಿ ನಿಂತೆ. 'ಟಕ್' ಅಂತು. ನಟ್ಟಿನ ಜೊತೆ ಸ್ಟಡ್ಡಿನ ತುಂಡೂ ಕೆಳಗೆ ಬಿತ್ತು.

"ಮೂರು ಇದಾವಲ್ಲ, ಹೋಗಿ ಬರ್ತೀವಿ" ಅಂದೆ.

"ಮಂಚಕ್ಕೆ ಮೂರು ಕಾಲು ಸಾಕೇನೋ? ಇಳಿಜಾರಲ್ಲಿ ಭಾರವೆಲ್ಲ ಬೀಳೋದೇ ಮುಂದಿನ ಚಕ್ರದ ಮೇಲೆ" ಅಂದರು ದೊಡ್ಡಪ್ಪ.

ಅವರ ಮಾತು ಲೆಕ್ಕಕ್ಕೂ ಸರಿ. ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುವುದು ನಟ್ಟುಗಳ ಬಿಗಿ. ನಾಲ್ಕರಲ್ಲಿ ಒಂದು ಹೋದರೆ ಹಿಡಿತದ ಕಾಲು ಭಾಗ ಹೋಯಿತು. ಅದರ ಶ್ರಮ ಉಳಿದ ಮೂರಕ್ಕೆ. ಅವೂ ಅದೇ ವಯಸ್ಸಿನವು. ಘಾಟಿಯಲ್ಲಿ ಕಾಡೇ ಹೊರತು ಗ್ಯಾರೇಜ್ ಇಲ್ಲ.

ತಪ್ಪು ಯಾರದು? ಹಿಂದಿನ ಸಲ ನಟ್ಟು ಬಿಗಿ ಮಾಡಿದ್ದು ನಾನೇ, ಹೀಗೇ ಹತ್ತಿ ನಿಂತು. ಜೊತೆಗೆ ತುಕ್ಕು ಹಿಡಿಯದಿರಲಿ ಅಂತ ಥ್ರೆಡ್ಡಿಗೆ ಎಣ್ಣೆ ಬೇರೆ ಸವರಿದ್ದೆ. ಎಣ್ಣೆ ಇದ್ದರೆ ಅಷ್ಟೇ ಬಲಕ್ಕೆ ಸ್ಟಡ್ ಇನ್ನೂ ಹೆಚ್ಚು ಎಳೆಯುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಬೇಕಾದ ಟಾರ್ಕ್ 85ರಿಂದ 110 ನ್ಯೂಟನ್ ಮೀಟರ್. ಒಂದಡಿ ಸ್ಪ್ಯಾನರಿನ ತುದಿಗೆ 30-35 ಕಿಲೋ ಭಾರ ಬಿಟ್ಟರೆ ಸಾಕು. 70 ಕಿಲೋದವನು ಹತ್ತಿ ನಿಂತರೆ 200 ದಾಟುತ್ತದೆ!

ಸರಿ, ಕೆಲಸಕ್ಕೆ ಇಳಿದೆವು. ಮಲೆನಾಡಿನ ಒದ್ದೆ ಮಣ್ಣಲ್ಲಿ ಜಾಕಿ ಹೂತುಹೋಗುತ್ತದೆ. ನಮ್ಮ ಪುಣ್ಯಕ್ಕೆ ಕಾರು ನಿಂತಿದ್ದು ಕಾಫಿ ಕಣದ ಸಿಮೆಂಟು ನೆಲದ ಮೇಲೆ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿಯನ್ನಷ್ಟೇ ನಂಬದೆ ಪಕ್ಕದ ತೋಟದಿಂದ ಸ್ಟ್ಯಾಂಡ್ ತಂದು ಕೊಟ್ಟೆವು. ಚಕ್ರ ತೆಗೆದು, ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆವು. ಬ್ರೇಕ್ ಪೈಪಿನಲ್ಲೇ ಅದನ್ನು ನೇತಾಡಲು ಬಿಡಬೇಡಿ. ಡಿಸ್ಕ್ ತೆಗೆದ ಮೇಲೆ, ಹಿಂದೆ ಜಾಗ ಸಿಗುವ ತನಕ ಹಬ್ ತಿರುಗಿಸಿ, ಉಳಿದ ತುಂಡಿಗೆ ಸುತ್ತಿಗೆಯಿಂದ ಎರಡು ಏಟು ಕೊಟ್ಟರು ದೊಡ್ಡಪ್ಪ. ಬಂತು. ಬರದಿದ್ದರೆ ಹೊಡೆಯುತ್ತಾ ಕೂರಬೇಡಿ, ಏಟು ಬೇರಿಂಗಿಗೂ ಬೀಳುತ್ತದೆ. ಕೆಲವು ಕಾರುಗಳಲ್ಲಿ ಹಿಂದೆ ಸ್ಟಡ್ ಹೊರಬರುವಷ್ಟು ಜಾಗವೇ ಇರುವುದಿಲ್ಲ. ಅಲ್ಲಿಗೆ ಮೆಕ್ಯಾನಿಕ್ಕೇ ಗತಿ.

ಬೆಳಿಗ್ಗೆ ಎರಡೂ ತುಂಡು ಜೇಬಿಗೆ ಹಾಕಿಕೊಂಡು ಬಸ್ಸಲ್ಲಿ ಸಕಲೇಶಪುರಕ್ಕೆ ಹೋದೆ. ತುಂಡು ಒಯ್ಯುವುದು ಮುಖ್ಯ. ಮಾರುತಿ ಕಾರುಗಳಲ್ಲಿ ಸಾಮಾನ್ಯವಾಗಿ 12 ಮಿ.ಮೀ. ದಪ್ಪಕ್ಕೆ 1.25 ಥ್ರೆಡ್, ಹೋಂಡಾ-ಟೊಯೊಟಾಗಳಲ್ಲಿ 1.5. ಕಣ್ಣಿಗೆ ಒಂದೇ ಥರ ಕಾಣುತ್ತವೆ.

ಹೊಸ ಸ್ಟಡ್ಡನ್ನು ಹಿಂದಿನಿಂದ ತೂರಿಸಿ, ಅದರ ಹಲ್ಲುಗಳನ್ನು ಹಬ್ಬಿನ ಗೀರುಗಳಿಗೆ ಕೂಡಿಸಿ, ಮುಂದಿನಿಂದ ಗ್ರೀಸ್ ಹಚ್ಚಿದ ನಾಲ್ಕೈದು ವಾಷರ್ ಪೋಣಿಸಿ, ಒಂದು ಹಳೇ ನಟ್ಟನ್ನು ಉಲ್ಟಾ ಹಾಕಿ ತಿರುಗಿಸುತ್ತಾ ಹೋದೆ. ಸ್ಟಡ್ ನಿಧಾನ ಒಳಗೆ ಬಂತು. ಇಲ್ಲಿ ಅವಸರ ಮಾಡಬೇಡಿ. ತಲೆ ಹಬ್ಬಿಗೆ ಪೂರ್ತಿ ಅಂಟಿ ಕೂತಿದೆಯಾ ಅಂತ ಹಿಂದೆ ಟಾರ್ಚ್ ಹಾಕಿ ನೋಡಿ. ಕೂದಲೆಳೆ ಸಂದು ಉಳಿದರೂ ಓಡಿಸುವಾಗ ಅದು ಒಳಗೆ ಸರಿದು ನಟ್ಟು ಸಡಿಲವಾಗುತ್ತದೆ. ಆ ಹಳೇ ನಟ್ಟನ್ನು ಎಸೆದುಬಿಡಿ.

ಡಿಸ್ಕು, ಕ್ಯಾಲಿಪರ್, ಚಕ್ರ ಕೂರಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿದೆ. ಈ ಸಲ ಥ್ರೆಡ್ ಒಣಗಿತ್ತು, ಕೈಯಲ್ಲಿ ಟಾರ್ಕ್ ರೆಂಚ್ ಇತ್ತು. ಕಾರು ಅಲ್ಲಾಡಿಸುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ಒತ್ತಿದೆ.

ಕುಕ್ಕೆಗೆ ಹೊರಟದ್ದು ಒಂದು ದಿನ ತಡವಾಗಿ. ಕುಮಾರ ಪರ್ವತ ಮೋಡದೊಳಗಿತ್ತು. ಘಾಟಿ ಇಳಿದು ಕುಲ್ಕುಂದದ ಹತ್ತಿರ ನಿಲ್ಲಿಸಿ, ಮತ್ತೊಮ್ಮೆ ರೆಂಚ್ ಹಿಡಿದು ಚಕ್ರದ ಪಕ್ಕ ಕೂತೆ.

"ನಾಲ್ಕೂ ಇದಾವೇನೋ?" ಅಂದಳು ಅಮ್ಮ, ಕಿಟಕಿಯಿಂದ ತಲೆ ಹೊರಗೆ ಹಾಕಿ.