ವೇಗದ ಹೇಳಿಕೆಗಳೂ ಅವುಗಳ ಪರೀಕ್ಷೆಯೂ

ಮಾರುವವನ ಮಾತೇ ಸರಕಿಗೆ ಸಾಕ್ಷಿಯಾಗಲಾರದೆಂಬ ತಿಳಿವಳಿಕೆ ಗುಜರಾತಿನ ಮೂರು ದೊಡ್ಡ ನಗರಗಳಿಗೆ ಹೊಸತಲ್ಲ. ಅಹಮದಾಬಾದಿನ ಬಟ್ಟೆ ಗಿರಣಿಗಳಿಗಾಗಿ 1947ರಲ್ಲಿ ಅಟೀರಾ ಸಂಶೋಧನಾ ಸಂಸ್ಥೆ ಹುಟ್ಟಿತು. 1974ರಲ್ಲಿ ಸ್ಥಾಪಿತವಾದ ವಡೋದರದ ಎರ್ಡಾ ವಿದ್ಯುದುಪಕರಣಗಳನ್ನು ಪರೀಕ್ಷೆಗೊಡ್ಡುತ್ತದೆ. ಸೂರತಿನ ವಜ್ರಕ್ಕೆ ತೂಕ, ಬಣ್ಣ, ನಿರ್ಮಲತೆ, ಕಡಿತ ಎಂಬ ನಾಲ್ಕು ಅಳತೆಗಳುಂಟು. ತೂಕವೊಂದನ್ನೇ ನೋಡಿ ಯಾರೂ ಬೆಲೆ ಕಟ್ಟರು. ಆದರೆ ಗಣಕಯಂತ್ರದ ಪ್ರೊಸೆಸರನ್ನು ಕೊಳ್ಳುವಾಗ ಒಂದೇ ಅಂಕಿಗೆ ಮರುಳಾಗುವವರು ವಿರಳರಲ್ಲ.

ಅಂಥ ಅಂಕಿಗಳಲ್ಲಿ ಮೊದಲನೆಯದು ಗಡಿಯಾರದ ವೇಗ. 2000ದ ಮಾರ್ಚಿನಲ್ಲಿ ಎಎಂಡಿ ಮತ್ತು ಇಂಟೆಲ್ ಸಂಸ್ಥೆಗಳು ಎರಡೇ ದಿನಗಳ ಅಂತರದಲ್ಲಿ ಒಂದು ಗಿಗಾಹರ್ಟ್ಸಿನ ಪ್ರೊಸೆಸರುಗಳನ್ನು ಪ್ರಕಟಿಸಿದುವು. ಆ ನವೆಂಬರಿನಲ್ಲಿ ಬಂದ ಇಂಟೆಲ್ಲಿನ ಪೆಂಟಿಯಮ್ 4, 1.5 ಗಿಗಾಹರ್ಟ್ಸಿನದಾಗಿದ್ದರೂ, ಅನೇಕ ಕೆಲಸಗಳಲ್ಲಿ 1.2 ಗಿಗಾಹರ್ಟ್ಸಿನ ಅಥ್ಲಾನಿಗಿಂತ ಹಿಂದುಳಿಯಿತು. ಒಂದೊಂದು ಬಡಿತದಲ್ಲಿ ಅದು ಮುಗಿಸುತ್ತಿದ್ದ ಕೆಲಸ ಕಡಮೆ, ಕಾರಣ ಇಷ್ಟೇ. 2001ರಲ್ಲಿ ಎಎಂಡಿ ತನ್ನ 1533 ಮೆಗಾಹರ್ಟ್ಸಿನ ಪ್ರೊಸೆಸರಿಗೆ ‘1800+’ ಎಂದು ಹೆಸರಿಟ್ಟಿತು. ಅದೂ ಗಡಿಯಾರದ ಅಳತೆಯಲ್ಲ. ತಯಾರಕನೇ ಕೊಟ್ಟ ಬಿರುದು.

ಇದಕ್ಕೆ ಪರಿಹಾರವಾಗಿ ನಿಜವಾದ ಕ್ರಮವಿಧಿಗಳನ್ನು ಓಡಿಸಿ ಕಾಲವನ್ನು ಅಳೆಯುವ ಪದ್ಧತಿ ಬಂದಿತು. 1988ರಲ್ಲಿ ಸ್ಥಾಪಿತವಾದ ಸ್ಪೆಕ್ ಒಕ್ಕೂಟ ಈ ಕಾರ್ಯವನ್ನು ಕೈಗೊಂಡಿತು. ಆದರೆ ಪ್ರಶ್ನೆ ಮೊದಲೇ ತಿಳಿದಿದ್ದರೆ ಉತ್ತರವನ್ನು ಬಾಯಿಪಾಠ ಮಾಡುವುದು ಸುಲಭ. ಇಂಟೆಲ್ಲಿನ ಕಂಪೈಲರ್ ಒಂದು ಪರೀಕ್ಷಾ ಕ್ರಮವಿಧಿಯನ್ನು ಗುರಿಯಾಗಿಟ್ಟುಕೊಂಡು ಹದಗೊಂಡಿತ್ತೆಂಬ ಕಾರಣದಿಂದ ಸ್ಪೆಕ್ 2024ರಲ್ಲಿ 2,600ಕ್ಕೂ ಹೆಚ್ಚು ಫಲಿತಾಂಶಗಳಿಗೆ ಎಚ್ಚರಿಕೆಯ ಟಿಪ್ಪಣಿ ಸೇರಿಸಿತು.

ವಿಜ್ಞಾನದ ಲೆಕ್ಕಗಳಲ್ಲಿ ಈ ವಿವೇಚನೆ ಇನ್ನೂ ಅವಶ್ಯ. ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್ ಅವರು ವಿಕ್ರಮ್ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ 2015ರಲ್ಲಿ ‘ವಿಕ್ರಮ್-100’ ಮಹಾಗಣಕ ಸ್ಥಾಪಿತವಾಯಿತು. ಅದರ ಶಕ್ತಿ ಸುಮಾರು 100 ಟೆರಾಫ್ಲಾಪ್. ಎಂದರೆ ಸೆಕೆಂಡಿಗೆ ನೂರು ಲಕ್ಷ ಕೋಟಿ ಗಣನೆಗಳು. ಇಂಥ ಯಂತ್ರಗಳ ಜಾಗತಿಕ ಪಟ್ಟಿ 1993ರಿಂದ ಲಿನ್‌ಪ್ಯಾಕ್ ಪರೀಕ್ಷೆಯನ್ನು ಆಧರಿಸಿದೆ. ಆದರೆ ಸ್ಮೃತಿಕೋಶದಿಂದ ಅಂಕಿಗಳನ್ನು ಪದೇಪದೇ ತರಿಸಿಕೊಳ್ಳುವ ಲೆಕ್ಕಗಳಲ್ಲಿ ಅತಿ ದೊಡ್ಡ ಯಂತ್ರಗಳೂ ಆ ಅಂಕದ ಕೆಲವೇ ಶೇಕಡಾ ಮುಟ್ಟುತ್ತವೆ. ಪ್ರೊಸೆಸರ್ ಅಂಕಿಗಳ ದಾರಿ ಕಾಯುತ್ತ ಸುಮ್ಮನಿರುವುದೇ ಇದಕ್ಕೆ ಕಾರಣ.

ಆದುದರಿಂದ ಕೊಳ್ಳುವವನು ಕೇಳಬೇಕಾದುದು “ಯಾವುದು ವೇಗವಾದದ್ದು?” ಎಂದಲ್ಲ, “ನನ್ನ ಕೆಲಸಕ್ಕೆ ಯಾವುದು ವೇಗವಾದದ್ದು?” ಎಂದು. ಅಳೆದವರು ಯಾರು, ಯಾವ ಕಂಪೈಲರಿನಿಂದ, ಎಷ್ಟು ಸ್ಮೃತಿಯೊಡನೆ, ಎಷ್ಟು ವಿದ್ಯುತ್ತು ಸುಟ್ಟು, ಪ್ರತಿಸ್ಪರ್ಧಿಯ ಯಾವ ಮಾದರಿಗೆ ಹೋಲಿಸಿ ಎಂಬುದನ್ನು ಹೇಳದ ‘ಶೇಕಡಾ 40 ಹೆಚ್ಚು ವೇಗ’ ಬರಿಯ ಜಾಹೀರಾತು. ಸೂರತಿನ ವಜ್ರದ ಕಾರ್ಖಾನೆ ತನ್ನದೇ ಕಲ್ಲಿನ ಚಿತ್ರಗಳನ್ನು, ವಡೋದರದ ಕಾಲೇಜು ತನ್ನದೇ ಲೆಕ್ಕಗಳನ್ನು ಎರಡೂ ಯಂತ್ರಗಳ ಮೇಲೆ ಒಂದು ದಿನ ಓಡಿಸಿ ನೋಡುವುದು ಮೇಲು. ತಪ್ಪಾಗಿ ಕೊಂಡ ಯಂತ್ರ ವರ್ಷಗಳ ಕಾಲ ವಿದ್ಯುತ್ತನ್ನೂ ವಿದ್ಯಾರ್ಥಿಗಳ ಸಮಯವನ್ನೂ ತಿನ್ನುತ್ತದೆ. ಒಂದು ದಿನದ ಪರೀಕ್ಷೆ ಅದಕ್ಕಿಂತ ಬಹಳ ಅಗ್ಗ.