ತನ್ನನ್ನು ತಾನೇ ಒರೆಗೆ ಹಚ್ಚಿಕೊಳ್ಳುವ ಕೈಪಿಡಿ

ಕಂಪ್ಯೂಟರಿಗೆ ಯುಎಸ್‌ಬಿ ಮೌಸ್ ಚುಚ್ಚಿದ ಕೂಡಲೇ ಅದು ತಾನು ಯಾರೆಂದು ತಾನೇ ಹೇಳಿಕೊಳ್ಳುತ್ತದೆ. ತಯಾರಕರ ಸಂಖ್ಯೆ ಒಂದು, ಸಾಧನದ ಸಂಖ್ಯೆ ಇನ್ನೊಂದು. ಇಂಥ ಗುರುತುಗಳ ನೆರವಿನಿಂದ ಆಪರೇಟಿಂಗ್ ಸಿಸ್ಟಮ್ ತಕ್ಕ ಡ್ರೈವರನ್ನು ಹುಡುಕಿಕೊಳ್ಳುತ್ತದೆ. ಫೋನು, ರೌಟರುಗಳ ಒಳಗಿರುವ ಬಹಳಷ್ಟು ಚಿಪ್‌ಗಳಿಗೆ ಈ ಮಾತು ಬಾರದು. ಎಲ್‌ಎಂ75 ಎಂಬ ಪುಟ್ಟ ತಾಪಮಾನ ಸೆನ್ಸರನ್ನೇ ತೆಗೆದುಕೊಳ್ಳಿ. ಎರಡು ತಂತಿಯ ಐ2ಸಿ ಬಸ್ಸಿನ ಮೇಲೆ ಅದು ಸುಮ್ಮನೆ ಕೂತಿರುತ್ತದೆ; ಮೂಲ ಎಲ್‌ಎಂ75ರಲ್ಲಿ ಗುರುತು ಹೇಳುವ ರಿಜಿಸ್ಟರೇ ಇಲ್ಲ. ‘ಇಂಥ ವಿಳಾಸದಲ್ಲಿ ಇಂಥ ಚಿಪ್ ಇದೆ’ ಎಂದು ಯಾರಾದರೂ ಬರೆದು ಕೊಡಬೇಕು.

ಆರ್ಮ್ ಪ್ರೊಸೆಸರಿನ ಬೋರ್ಡ್‌ಗಳಿಗಾಗಿ ಲಿನಕ್ಸ್‌ನಲ್ಲಿ ಬಹುಕಾಲ ಈ ವಿವರವನ್ನೆಲ್ಲ ಸಿ ಭಾಷೆಯ ಕೋಡಿನಲ್ಲೇ ಬರೆಯುತ್ತಿದ್ದರು. ಒಂದೊಂದು ಬೋರ್ಡಿಗೂ ಒಂದೊಂದು ಕಡತ. ಬೋರ್ಡುಗಳು ಹೆಚ್ಚಿದಂತೆ ಕಡತಗಳು ಹುತ್ತದಂತೆ ಬೆಳೆದವು. 2011ರ ಮಾರ್ಚ್‌ನಲ್ಲಿ ಲಿನಕ್ಸ್ ಜನಕ ಲಿನಸ್ ಟೋರ್ವಾಲ್ಡ್ಸ್ ಬಹಿರಂಗವಾಗಿಯೇ ಸಿಟ್ಟಾದರು. ಆ ಬಳಿಕ ಆರ್ಮ್ ಸಮುದಾಯ ಡಿವೈಸ್ ಟ್ರೀ ಕಡೆಗೆ ವೇಗವಾಗಿ ಹೊರಳಿತು. ಡಿವೈಸ್ ಟ್ರೀ ಹೊಸದೇನಲ್ಲ. ಸನ್ ಕಂಪನಿಯಲ್ಲಿ ಹುಟ್ಟಿ, 1994ರಲ್ಲಿ ಓಪನ್ ಫರ್ಮ್‌ವೇರ್ ಹೆಸರಿನಲ್ಲಿ ಐಇಇಇ 1275 ಮಾನದಂಡವಾಗಿ, ಪವರ್‌ಪಿಸಿ ಯಂತ್ರಗಳಲ್ಲಿ ಪಳಗಿದ್ದ ವಿದ್ಯೆ ಅದು. ಬೋರ್ಡಿನ ಮೇಲೆ ಏನೇನಿದೆ ಎಂಬುದನ್ನು ಕೋಡಿನಿಂದ ಬಿಡಿಸಿ, ಬೇರೆಯೇ ವಿವರಪಟ್ಟಿಯಾಗಿ ಕೊಡುವುದು ಅದರ ತಿರುಳು.

ಪಟ್ಟಿ ಬರೆಯುವವರಿಗೆ ಒಂದು ಕೈಪಿಡಿ ಬೇಕಲ್ಲ? ಸಾಧನಗಳಿಗೆ ಕೈಪಿಡಿ ಬರೆಯುವ ರೂಢಿ ಹಳೆಯದು. 1971ರ ನವೆಂಬರಿನಲ್ಲಿ ಬಂದ ಮೊದಲ ಯೂನಿಕ್ಸ್ ಕೈಪಿಡಿಯಲ್ಲೇ ನಾಲ್ಕನೆಯ ಭಾಗ ಸಾಧನಗಳಿಗೆ ಮೀಸಲಾಗಿತ್ತು. ಲಿನಕ್ಸ್ ಕರ್ನಲ್ಲಿನಲ್ಲೂ ಸಾಧನಕ್ಕೊಂದರಂತೆ ಸಾದಾ ಪಠ್ಯದ ಕಡತಗಳು ಬಂದವು. ಸಾಧನದ ಯಾವ ಗುಣ (ಪ್ರಾಪರ್ಟಿ) ಕಡ್ಡಾಯ, ಯಾವುದು ಐಚ್ಛಿಕ, ಕೊನೆಗೊಂದು ಉದಾಹರಣೆ. ಇವುಗಳಿಗೆ ಬೈಂಡಿಂಗ್ ಎಂದು ಹೆಸರು.

ಎಡವಟ್ಟು ಶುರುವಾದದ್ದು ಇಲ್ಲಿ. ಬೈಂಡಿಂಗನ್ನು ಓದುತ್ತಿದ್ದದ್ದು ಮನುಷ್ಯರ ಕಣ್ಣು ಮಾತ್ರ. ಡ್ರೈವರಿಗೆ ಹೊಸ ಗುಣ ಸೇರಿತು, ಕೈಪಿಡಿಗೆ ಸೇರಲಿಲ್ಲ. ಕೈಪಿಡಿಯ ಉದಾಹರಣೆಯಲ್ಲೇ ತಪ್ಪಿದ್ದರೆ ನಂಬಿದವರೆಲ್ಲ ಆ ತಪ್ಪನ್ನೇ ನಕಲು ಮಾಡಿದರು. ‘ಇಂಟರಪ್ಟ್ಸ್’ ಎಂಬ ಗುಣದ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಆರ್’ ಬಿಟ್ಟುಹೋಯಿತು ಎನ್ನಿ. ಪಟ್ಟಿಯನ್ನು ಕಂಪೈಲ್ ಮಾಡುವ ಸಾಧನ ವ್ಯಾಕರಣ ನೋಡುತ್ತದೆಯೇ ಹೊರತು ಆ ಹೆಸರು ಸರಿಯೇ ಎಂದು ನೋಡುವುದಿಲ್ಲ. ಡ್ರೈವರ್ ಸರಿಯಾದ ಹೆಸರನ್ನು ಹುಡುಕುತ್ತದೆ, ಸಿಗುವುದಿಲ್ಲ. ಆ ಗುಣ ಐಚ್ಛಿಕವಾಗಿದ್ದರೆ ಅದಿಲ್ಲದೆಯೇ ಮುಂದೆ ಹೋಗುತ್ತದೆ. ಬೋರ್ಡ್ ಬೂಟ್ ಆಗುತ್ತದೆ, ದೂರು ಹೇಳುವವರೇ ಇಲ್ಲ. ಇಂಥ ಮೌನದ ತಪ್ಪು ಹಿಡಿಯುವುದೆಂದರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ಯಂತ್ರವೇ ಪರೀಕ್ಷಿಸುವಂತೆ ಬರೆಯಬೇಕು ಎಂಬ ಮಾತು ವರ್ಷಗಳಿಂದ ಇತ್ತು. ಯತ್ನಗಳೂ ನಡೆದಿದ್ದವು, ನೆಲೆ ನಿಲ್ಲಲಿಲ್ಲ. ದಾರಿ ತೆರೆದದ್ದು ಕರ್ನಲ್ಲಿನ ಡಿವೈಸ್ ಟ್ರೀ ಭಾಗದ ಹೊಣೆ ಹೊತ್ತ ರಾಬ್ ಹೆರಿಂಗ್ ಮುಂದಾಳತ್ವದ ಕೆಲಸದಿಂದ. ಹೊಸ ಭಾಷೆ ಕಟ್ಟುವ ಗೋಜಿಗೆ ಹೋಗದೆ, ವೆಬ್ ಲೋಕದಲ್ಲಿ ಆಗಲೇ ಬಳಕೆಯಲ್ಲಿದ್ದ ಜೇಸನ್ ಸ್ಕೀಮಾ ಎಂಬ, ದತ್ತಾಂಶ ಹೇಗಿರಬೇಕೆಂಬ ನಿಯಮ ಬರೆಯುವ ಶಬ್ದಕೋಶವನ್ನು ಎತ್ತಿಕೊಂಡು, ಮನುಷ್ಯರಿಗೂ ಓದಲು ಹಿತವಾದ ಯಾಮಲ್ ರೂಪದಲ್ಲಿ ಬೈಂಡಿಂಗ್ ಬರೆಯುವುದು. 2019ರಲ್ಲಿ ಬಂದ ಲಿನಕ್ಸ್ 5.0 ಹೊತ್ತಿಗೆ ಇದು ಕರ್ನಲ್ಲಿನ ಒಳಗೆ ಬಂದಿತ್ತು.

ನನಗೆ ಇದರಲ್ಲಿ ತೀರ ಮೆಚ್ಚುಗೆಯಾದದ್ದು ಉದಾಹರಣೆಯ ಸಂಗತಿ. ಕೈಪಿಡಿಯ ಕೊನೆಯಲ್ಲಿರುವ ಉದಾಹರಣೆಯನ್ನು ಯಂತ್ರ ನಿಜವಾಗಿಯೂ ಕಂಪೈಲ್ ಮಾಡಿ, ಅದೇ ಪುಟದ ನಿಯಮಗಳಿಗೆ ಒರೆ ಹಚ್ಚುತ್ತದೆ. ನಿಯಮ ಬದಲಿಸಿ ಉದಾಹರಣೆ ಮರೆತರೆ ಸಿಕ್ಕಿಬೀಳುತ್ತೀರಿ. ಪುಟದಲ್ಲಿ ಹೇಳದ ಗುಣವನ್ನು ಒಪ್ಪಬೇಡ ಎಂದು ಒಂದು ಸಾಲು ಬರೆದಿಟ್ಟರೆ ಆ ಬಿಟ್ಟುಹೋದ ‘ಆರ್’ ಕೂಡ ಕ್ಷಣದಲ್ಲಿ ಬಯಲಾಗುತ್ತದೆ. ಪ್ರತಿ ಪುಟದಲ್ಲೂ ಅದರ ಹೊಣೆ ಹೊತ್ತವರ ಹೆಸರು ಇರಲೇಬೇಕು. ಇಲ್ಲದಿದ್ದರೆ ಪರೀಕ್ಷೆ ಪಾಸಾಗದು. ಹೊಸ ಪ್ಯಾಚ್ ಬಂದರೆ ಹೆರಿಂಗ್ ಅವರ ಬಾಟ್ ಅದರ ಮೇಲೆ ಈ ಪರೀಕ್ಷೆ ಓಡಿಸಿ ನೋಡಿ, ತಪ್ಪಿದ್ದರೆ ಪಟ್ಟಿ ಮಾಡಿ ಮರಳಿಸುತ್ತದೆ. ಹಳೆಯ ಬೋರ್ಡುಗಳ ಮೇಲೆ ಇದೇ ಪರೀಕ್ಷೆ ನಡೆಸಿದಾಗ ಎಚ್ಚರಿಕೆಗಳು ರಾಶಿ ರಾಶಿಯಾಗಿ ಉದುರಿದವು. ಅಷ್ಟು ದಿನ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ತಪ್ಪುಗಳು ಅವು.

ಇದಕ್ಕೂ ಮಿತಿ ಇದೆ. ತಂತಿ ಆರನೆಯ ಪಿನ್ನಿಗೆ ಹೋಗಿರುವಾಗ ಪಟ್ಟಿಯಲ್ಲಿ ಐದು ಎಂದಿದ್ದರೆ ಸ್ಕೀಮಾಗೆ ಅದು ಗೊತ್ತಾಗದು. ಅದಕ್ಕೆ ಬೋರ್ಡನ್ನು ಮುಂದಿಟ್ಟುಕೊಂಡು ಕೂರುವ ಮನುಷ್ಯರೇ ಬೇಕು.

ಬೆಂಗಳೂರಿನಲ್ಲಿ ಚಿಪ್ ಕಂಪನಿಗಳ ತಂಡಗಳು ಎಷ್ಟೋ ಇವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಇಲ್ಲಿಗೆ ಬಂದಿತ್ತು. ಈ ಕೆಲಸ ನಮ್ಮವರಿಗೆ ಹೊರಗಿನದಲ್ಲ. ಎಲ್‌ಎಂ75ರ ಪುಟ ಯಾಮಲ್‌ಗೆ ಬಂದು ವರ್ಷಗಳಾದವು, ಆದರೆ ಸಾದಾ ಪಠ್ಯದಲ್ಲೇ ಉಳಿದ ಹಳೆಯ ಬೈಂಡಿಂಗ್‌ಗಳು ಕರ್ನಲ್ಲಿನಲ್ಲಿ ಇನ್ನೂ ಇವೆ. ಎಂಜಿನಿಯರಿಂಗ್ ಓದುತ್ತಿರುವ ಗೆಳೆಯರೇ, ನಿಮ್ಮ ಬಳಿ ಇರುವ ಬೋರ್ಡಿನ ಒಂದು ಚಿಪ್ ಆರಿಸಿಕೊಳ್ಳಿ. ಅದರ ಪುಟ ಇನ್ನೂ ಹಳೆಯ ರೂಪದಲ್ಲಿದ್ದರೆ ಡೇಟಾಶೀಟ್ ಪಕ್ಕದಲ್ಲಿಟ್ಟುಕೊಂಡು ಸ್ಕೀಮಾ ಬರೆದು, ಪರೀಕ್ಷೆ ಓಡಿಸಿ, ಕರ್ನಲ್ ಸಮುದಾಯಕ್ಕೆ ಕಳಿಸಿ.