ನಿಮಗಿದು ಗೊತ್ತೇ? ಮಿದುಳಿನ ನಕ್ಷೆಗೂ ನಮ್ಮ ಗಿಡಗಳಿಗೂ ನಂಟು

ಮಿದುಳಿನ ಯಾವ ನರತಂತುವಿನಲ್ಲಿ ಯಾವ ರಾಸಾಯನಿಕವಿದೆ ಎಂಬುದಕ್ಕೂ ನಕ್ಷೆಯುಂಟು. ನಮ್ಮ ಕಾಡು, ಬೇಲಿ, ಹೊಲದ ಗಿಡಗಳಿಗೆ ಆ ನಕ್ಷೆಯ ಜೊತೆ ಹಳೆಯ ನಂಟು.

● ನರದ ಸುದ್ದಿಯನ್ನು ದಾಟಿಸುವುದು ರಾಸಾಯನಿಕ ಎಂದು 1921ರಲ್ಲಿ ಆಟ್ಟೊ ಲೋವಿ ತೋರಿಸಿದ್ದು ಕಪ್ಪೆಗಳ ಹೃದಯದಿಂದ. ನರ ಕೆರಳಿಸಿ ಒಂದರ ಬಡಿತ ತಗ್ಗಿಸಿದರು. ಅದರ ದ್ರವ ತಗುಲಿದ ಇನ್ನೊಂದರ ಬಡಿತವೂ ತಗ್ಗಿತು!

● ಸರ್ಪಗಂಧದ ಬೇರಿನಲ್ಲಿರುವ ರೆಸರ್ಪಿನ್ ಮಿದುಳಿನಲ್ಲಿ ಹೀಗೆ ಸುದ್ದಿ ದಾಟಿಸುವ ಡೋಪಮಿನ್, ಸೆರೊಟೋನಿನ್‌ಗಳ ದಾಸ್ತಾನನ್ನೇ ಬರಿದು ಮಾಡುತ್ತದೆ. 1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್ಸನ್ ಅದನ್ನು ಕೊಟ್ಟಾಗ ಮೊಲಗಳು ಅಲ್ಲಾಡದೆ ಬಿದ್ದವು. ಮೈಯಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಚುಚ್ಚಿದೊಡನೆ ಚೇತರಿಸಿಕೊಂಡವು. 2000ದಲ್ಲಿ ಕಾರ್ಲ್ಸನ್‌ಗೆ ನೊಬೆಲ್ ಬಂತು.

● ಆ ಎಲ್-ಡೋಪಾ ಮೈ ತುರಿಸುವ ನಸುಗುನ್ನಿಯ ಬೀಜದಲ್ಲೂ ಇದೆ. ಅದನ್ನು ಬೇರ್ಪಡಿಸಿದ ವರದಿ ದಾಮೋದರನ್ ಮತ್ತು ರಾಮಸ್ವಾಮಿ ಅವರಿಂದ 1937ರಲ್ಲೇ ಬಂದಿತ್ತು. ಇಂದು ಎಲ್-ಡೋಪಾ ಪಾರ್ಕಿನ್ಸನ್ ಕಾಯಿಲೆಯ ಮುಖ್ಯ ಮದ್ದು.

● ನರತಂತುಗಳನ್ನು ಹೊಳೆಯುವಂತೆ ಮಾಡಿದ್ದು ಫಾರ್ಮಾಲ್ಡಿಹೈಡ್ ಆವಿ! ಒಣಗಿಸಿದ ಮಿದುಳಿನ ತುಣುಕಿಗೆ ಆವಿ ತಾಗಿಸಿ ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಡೋಪಮಿನ್, ನಾರ್‌ಅಡ್ರಿನಲಿನ್ ಹಸಿರು, ಸೆರೊಟೋನಿನ್ ಹಳದಿ. 1962ರ ಈ ವಿಧಾನ ಫಾಲ್ಕ್ ಮತ್ತು ಹಿಲಾರ್ಪ್ ಅವರದು. ರೆಸರ್ಪಿನ್ ಕೊಟ್ಟ ಪ್ರಾಣಿಯಲ್ಲಿ ಆ ಹೊಳಪು ಮಾಯ.

● ಈ ಹೊಳಪಿನ ನೆರವಿನಿಂದ 1964ರಲ್ಲಿ ಡಾಲ್‌ಸ್ಟ್ರೋಮ್ ಮತ್ತು ಫುಕ್ಸೆ ಇಲಿಯ ಮಿದುಳಿನಲ್ಲಿ ಗುರುತಿಸಿದ ಕೋಶಗುಂಪುಗಳಿಗೆ ಎ1ರಿಂದ ಎ12, ಬಿ1ರಿಂದ ಬಿ9 ಎಂದು ಹೆಸರಿಟ್ಟರು. ಅವೇ ಹೆಸರುಗಳು ಈಗಲೂ ಬಳಕೆಯಲ್ಲಿವೆ.

● ಅವುಗಳಲ್ಲಿ ಎ6 ಮಿದುಳಿನ ಕಾಂಡದಲ್ಲಿರುವ ಪುಟ್ಟ ಗುಂಪು. ಆದರೆ ಅದರ ತಂತುಗಳು ಮೇಲೆ ಮಿದುಳಿನ ಹೊರಪದರಕ್ಕೂ ಕೆಳಗೆ ಬೆನ್ನುಹುರಿಗೂ ಚಾಚುತ್ತವೆ.

● ಈಗ ಆವಿಯ ಬದಲು ಪ್ರತಿಕಾಯಗಳೇ ಹೆಚ್ಚು ಬಳಕೆಯಲ್ಲಿವೆ. ಡೋಪಮಿನ್ ತಯಾರಿಸುವ ಕಿಣ್ವಕ್ಕೆ ಅಂಟಿಕೊಂಡು ಇಡೀ ತಂತುವಿಗೆ ಬಣ್ಣ ಕೊಡುತ್ತವೆ.

● ಮನುಷ್ಯರ ಮಿದುಳನ್ನೂ ಇಂಥ ಸಂಶೋಧನೆಗೆ ದಾನ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿ 1995ರಿಂದ ಮಿದುಳು ಬ್ಯಾಂಕ್ ಇದೆ.

● ಕೊಳಗಲ್ಲು, ಕುರುಗೋಡು, ಸಿರುಗುಪ್ಪ ಸೀಮೆಯವರಿಗೆ ಮೆಣಸಿನಕಾಯಿಯ ಖಾರ ಹೊಸದಲ್ಲ. ಆ ಖಾರದ ಕ್ಯಾಪ್ಸೈಸಿನ್ ನೋವಿನ ತಂತುಗಳಲ್ಲಿರುವ ‘ಸಬ್‌ಸ್ಟೆನ್ಸ್ ಪಿ’ ಎಂಬ ರಾಸಾಯನಿಕವನ್ನು ಹೊರಹಾಕಿಸುತ್ತದೆ; ಪ್ರಮಾಣ ಹೆಚ್ಚಾದರೆ ಬರಿದಾಗಿಸುತ್ತದೆ. ನೋವಿನ ತಂತುಗಳನ್ನು ಅರಿಯಲು ವಿಜ್ಞಾನಿಗಳು ಇದನ್ನೇ ಬಳಸಿದರು. ಕ್ಯಾಪ್ಸೈಸಿನ್ ತಾಗುವ ಗ್ರಾಹಕವನ್ನು 1997ರಲ್ಲಿ ಪತ್ತೆಮಾಡಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಸಂದಿತು. ಕೀಲುನೋವಿಗೆ ಹಚ್ಚುವ ಕೆಲವು ಮುಲಾಮುಗಳಲ್ಲಿರುವುದೂ ಇದೇ ಕ್ಯಾಪ್ಸೈಸಿನ್!